ಹೋಲ್ಡಾನ್

ರಾತ್ರಿ ಮೂರೂ ಹತ್ತಕ್ಕೆ
ಗಂಡಸರ ವಾರ್ಡು, ಹದಿನೇಳನೇ ಹಾಸಿಗೆಯ
ಅಂಜಿನಪ್ಪನವರು ಬಿದ್ದರು.
ಕೈ ತಾಗಿದ ಸ್ಟೀಲಿನ ಲೋಟ
ಉರುಳುತ್ತ ಉರುಳುತ್ತ ಹನ್ನೆರಡನೇ ಹಾಸಿಗೆಯ ತನಕ ಹೋಗಿ
ನಿಂತಿತಂತೆ. ಸಿಸ್ಟರ್ ಜೆಸಿಂತಾ ಹೇಳಿದ್ದು.

ನಾನು ಬಂದದ್ದು ಬೆಳಗ್ಗೆ ಎಂಟಕ್ಕೆ.
ಕೆಳಗಿನ ಔಷಧ ವಿಭಾಗದವಳು, ಕೈಯಲ್ಲೊಂದು ಫಾರಂ.

ಫಾರಂ ಕೇಳುತ್ತದೆ:
ನೆಲ ಒದ್ದೆಯಿತ್ತೆ?
ಇಲ್ಲ, ಸಾಕಮ್ಮ ಮಕ್ಕಳ ಮೇಲೆ ಆಣೆಯಿಟ್ಟು ಹೇಳುತ್ತಾಳೆ.
ದೀಪ ಉರಿಯುತ್ತಿತ್ತೆ? ಒಂದು ಮಿನುಗುತ್ತಿತ್ತು.
ಮಂಚದ ಕಂಬಿ?
ಏರಿಸಿತ್ತು. ಅವರು ಕಾಲಿನ ಕಡೆಯಿಂದ ಇಳಿದರು.
ಪಾದರಕ್ಷೆ? ಹವಾಯಿ ಚಪ್ಪಲಿ, ಎಡಗಾಲಿನದು ಮಾತ್ರ.
ಜೊತೆಗೆ ಯಾರಿದ್ದರು? ಅಳಿಯ, ಗೊರಕೆ.

ರಕ್ತದೊಳಗೆ ಯಾರಿದ್ದರು
ಎಂದು ಕೇಳುವ ಸಾಲು ಅದರಲ್ಲಿಲ್ಲ.

ಮೂವತ್ತೊಂದು ವರ್ಷ ಕಂಡಕ್ಟರು.
ಮೆಜೆಸ್ಟಿಕ್ಕಿಂದ ಬನಶಂಕರಿ, ಬನಶಂಕರಿಯಿಂದ ಮೆಜೆಸ್ಟಿಕ್ಕು.
ಮಿನರ್ವ ಸರ್ಕಲ್ಲಲ್ಲಿ ಬಸ್ಸು ವಾಲಿದರೆ
ಕೂತವರೂ ಸರಳು ಹುಡುಕುವಾಗ
ಈ ಮನುಷ್ಯ ಎರಡೂ ಕೈ ಬಿಟ್ಟು
ಬೆರಳ ಸಂದಿಗೆ ನೋಟು ಮಡಚಿ
ಟಿಕೆಟ್ಟು ಹರಿದು, ಚಿಲ್ಲರೆಗೆ ಜಗಳವಾಡಿ,
ಕಿವಿಗೆ ಪೆನ್ನು ಸಿಕ್ಕಿಸಿ ನಿಂತವರು.
ಸೊಂಟದಲ್ಲೇ ಒಂದು ಕಣ್ಣಿತ್ತು ಅನ್ನುತ್ತಾರೆ ಹೆಂಡತಿ ಲಚ್ಚಮ್ಮ.
ಒಂದು ದಿನ ಬಿದ್ದವರಲ್ಲ.
ಈಗ,
ಅಲುಗದ ಈ ನೆಲದ ಮೇಲೆ.

ಚಾರ್ಟು ತೆಗೆದೆ.
ಬಿ.ಪಿ.ಗೆ ಒಂದು; ಮನೆಯಿಂದಲೇ ಬಂದದ್ದು, ಹಳೆಯ ನೆಂಟ.
ಮೂತ್ರ ಕಟ್ಟುತ್ತದೆಂದು ಇನ್ನೊಂದು, ಸೋಮವಾರ ಸೇರಿಸಿದ್ದು,
ಅದೂ ಮೆಲ್ಲಗೆ ಬಿ.ಪಿ.ಯ ಕಾಲೆಳೆಯುತ್ತದೆ.
ಪಾದ ಊದಿದೆಯೆಂದು ನೀರಿಳಿಸುವ ಮಾತ್ರೆ;
ಬೆಳಗಿನದು, ಸ್ಕ್ಯಾನಿಂಗಿಗೆ ಕಾದು ಕಾದು
ಸಂಜೆ ಏಳಕ್ಕೆ ನುಂಗಿದ್ದು.
ಪಕ್ಕದವರ ಕೆಮ್ಮಿಗೆ ಇವರ ನಿದ್ದೆ ಹೋಗಿತ್ತು,
ಅದಕ್ಕೆ ಹತ್ತೂವರೆಗೊಂದು ಬಿಳಿ ಗುಳಿಗೆ, ಅಕ್ಕಿಕಾಳಿನಷ್ಟು.

ಒಂದು ಏಳೆಂದಿತು.
ಒಂದು ಏಳಬೇಡವೆಂದಿತು.
ಎದ್ದವರ ತಲೆಯಿಂದ ಮಿಕ್ಕೆರಡು
ರಕ್ತವನ್ನು ಕಾಲಿಗಿಳಿಸಿ ಕೈತೊಳೆದುಕೊಂಡವು.

ನಾಲ್ಕರ ಮುಂದೆಯೂ ನೀಲಿ ರೈಟ್ ಮಾರ್ಕು.
ಬಾಲ ಉದ್ದವಾದ ಆ ರೈಟು ನನ್ನದೇ.
ನಿನ್ನೆ ಮಧ್ಯಾಹ್ನ, ಊಟದ ಡಬ್ಬಿ ಬಿಚ್ಚುವ ಮುಂಚೆ,
ನಲವತ್ತೆರಡು ಚಾರ್ಟುಗಳ ನಡುವೆ.
ಹೆಸರು ಸರಿಯೆ, ಸರಿ. ಡೋಸು ಸರಿಯೆ, ಸರಿ.
ಒಂದೊಂದನ್ನೇ ಕರೆದು ಕೇಳಿದೆ.
ನಾಲ್ಕನ್ನೂ ಒಟ್ಟಿಗೆ ಕೂರಿಸಿ ಕೇಳಲಿಲ್ಲ.

ಮೇಲೆ ಹೋದೆ. ಹುಬ್ಬಿನ ಮೇಲೆ ಆರು ಹೊಲಿಗೆ.
ಮಲಗಿಸಿ ಬಿ.ಪಿ. ನೋಡಿದೆವು: ನೂರ ಮೂವತ್ತಾರು.
ಆತು ಹಿಡಿದು ನಿಲ್ಲಿಸಿದೆವು: ತೊಂಬತ್ತೆಂಟು.
ಇದನ್ನು ನಿನ್ನೆಯೇ ನೋಡಬಹುದಿತ್ತು ಎಂದು
ಜೆಸಿಂತಾ ಹೇಳಲಿಲ್ಲ. ನಾನೂ.

ಅವರೇ ನಮಗೆ ಸಮಾಧಾನ ಹೇಳಿದರು:
“ನಂದೇ ತಪ್ಪು ಬಿಡವ್ವ.
ನಾನಿನ್ನೂ ವಿಷಲ್ಲು ಊದಿರ್ಲಿಲ್ಲ.
ಯಾರೋ ರೈಟ್ ರೈಟ್ ಅಂದ್ಬುಟ್ರು,
ಗಾಡಿ ಹೊರಟ್ಬುಡ್ತು.”

ನಾನು ನೆಲ ನೋಡಿದೆ.
ಒಣಗಿತ್ತು.

ರೋಗಿಯ ಅಜಾಗರೂಕತೆ ಅಂತ ಬರೆದುಬಿಡಿ ಮೇಡಂ,
ಎಲ್ಲರೂ ಹಾಗೇ ಬರೆಯೋದು, ಎಂದ ಡ್ಯೂಟಿ ಡಾಕ್ಟರು.
ಒಳ್ಳೆಯ ಹುಡುಗ, ಎರಡು ರಾತ್ರಿಯಿಂದ ಮಲಗಿಲ್ಲ.
ಕಾರಣದ ಚೌಕ ಹೆಬ್ಬೆರಳಿನಷ್ಟು.
ನಾಲ್ಕು ಹೆಸರು ಅದರಲ್ಲಿ ಹಿಡಿಸದೆ
ಅಂಚಿಗೆ ಬಂದು, ಅಂಚಿಂದ ಹಿಂಬದಿಗೆ ದಾಟಿ,
ಕೊನೆಗೆ ಐದನೆಯದಾಗಿ ನನ್ನ ಸಹಿ.

ಬಿಳಿ ಗುಳಿಗೆಗೆ ಗೀಟು ಬಿತ್ತು.
ನೀರಿನ ಮಾತ್ರೆ ಬೆಳಗಿಗೇ ಮರಳಿತು.
ಅಷ್ಟೆ. ಹುಬ್ಬಿನ ಹೊಲಿಗೆ ಹಾಗೇ ಇದೆ.

ಹದಿನೆಂಟನೇ ಹಾಸಿಗೆ. ಕೆಮ್ಮಿನವರು. ಆರು ಮಾತ್ರೆ.
ಪೆನ್ನಿನ ಮುಚ್ಚಳ ತೆಗೆಯದೆ ನಿಂತಿದ್ದೇನೆ.
ಹಿಂದೆ ಔಷಧದ ಟ್ರಾಲಿ
ಒಂದು ಚಕ್ರ ಕಿರ್ರೆನ್ನುತ್ತ ಹೊರಡುತ್ತಿದೆ.
ಹೋಲ್ಡಾನ್, ಅಂದೆ,
ನನ್ನ ದನಿ ನನಗೇ ಅಪರಿಚಿತವಾಗುವಷ್ಟು ಜೋರಾಗಿ.