ಹದಿನೈದು ಕಿಲೋ ಡಬ್ಬಿ

ಕುಶಾಲನಗರದ ಹಾರಂಗಿ ರಸ್ತೆಯಲ್ಲಿ
ಮರದ ಮಿಲ್ಲು ದಾಟಿದರೆ ತಗಡು ಮಾಡಿನ ಗೊಂಪಾ.
ದೊಡ್ಡವು ಹೊಳೆಯಾಚೆ: ಬಂಗಾರದ ಬುದ್ಧರು, ಸಾಲು ಬಸ್ಸು.
ಇಲ್ಲಿಗೆ ಬರುವವರು ಸತ್ತವರ ಮನೆಯವರು ಮಾತ್ರ.
ದೀಪಕ್ಕೆ ಡಾಲ್ಡಾ ಹೋಗುತ್ತಿದ್ದದ್ದು ನಮ್ಮಂಗಡಿಯಿಂದ,
ಹದಿನೈದು ಕಿಲೋ ಡಬ್ಬಿ.
ಒಂದು ಸಾವಿಗೆ ಇಷ್ಟೆಂದು ಅಪ್ಪನಿಗೆ ಬಾಯಿಲೆಕ್ಕ.
ಸಾವಿನ ಗಿರಾಕಿಯ ಹತ್ತಿರ ಲಾಭ ಹಿಡಿಯಬೇಡ,
ಖಾಲಿ ಡಬ್ಬಿ ವಾಪಸು ಬಂದರೆ ಸಾಕು, ಅನ್ನುತ್ತಿದ್ದ.

ಯೂಡೊನಜ್ಜಿ ಮುಚ್ಚಳ ತೆಗೆಸಿ ಮೂಸುತ್ತಿದ್ದಳು.
"ಹಳೇದು ಕೊಡಬೇಡ. ಸತ್ತೋರು ವಾಸನೆ ತಿಂತು."
ಚಮರಿಯ ಬೆಣ್ಣೆ ಅವಳು ಕಂಡದ್ದು ಏಳು ವರ್ಷದವರೆಗೆ;
ಆಮೇಲೆ ಬೆಟ್ಟ ಇಳಿದದ್ದು, ರೈಲು, ಜೋಳದ ಹೊಲ,
ಇಡೀ ಆಯುಷ್ಯ ಡಾಲ್ಡಾ.
ಅದನ್ನೇ ಏನೋ ಹೇಳಿ ಊದಿ ಬೆಣ್ಣೆ ಮಾಡಿಕೊಂಡಿದ್ದಳು.

ಅವಳು ಹೇಳಿದ್ದು, ಅರ್ಧ ಹಿಂದಿಯಲ್ಲಿ:
ಸತ್ತವನಿಗೆ ತಾನು ಸತ್ತದ್ದು ಬೇಗ ತಿಳಿಯುವುದಿಲ್ಲ.
ಮನೆಗೆ ಬರುತ್ತಾನೆ, ಮಾತಾಡಿಸುತ್ತಾನೆ,
ಯಾರೂ ಓಗೊಡುವುದಿಲ್ಲ, ಮುನಿಸಿಕೊಳ್ಳುತ್ತಾನೆ.
ಅದಕ್ಕೇ ನಲವತ್ತೊಂಬತ್ತು ದಿನ
ಕೆಂಡದ ಮೇಲೆ ಹುರಿಹಿಟ್ಟು ಸುರಿದು ಹೊಗೆ ಹಾಕಬೇಕು,
ಹಸಿದವನಿಗೆ ಅಷ್ಟಾದರೂ ಸಿಗಲಿ.
ಹೆಸರು ಹಿಡಿದು ಕೂಗಬಾರದು, ತಿರುಗಿ ನೋಡಿಬಿಡುತ್ತಾನೆ.

ನಾವು ತಿರುಗಿ ನೋಡಲೆಂದೇ ಕರೆಯುವವರು.
ಅಪ್ಪ ಹೋದ ವರ್ಷ ಗುರುಕಾರಣರ ಜೊತೆ ಅವನಿಗೂ ಎಡೆ:
ಕೋಳಿಸಾರು, ಅಕ್ಕಿರೊಟ್ಟಿ, ಒಂದು ಗ್ಲಾಸು ರಮ್ಮು.
ಬಾಗಿಲೆಳೆದು ಎಲ್ಲರೂ ಅಂಗಳದಲ್ಲಿ ನಿಂತೆವು.
ಒಳಗೆ ಏನೋ ಸರಿದಂತಾಯಿತು.
ಬೆಕ್ಕು, ಅಂದ ಚಿಕ್ಕಪ್ಪ.
ಬೆಕ್ಕು ನನ್ನ ಕಾಲಬಳಿಯೇ ಇತ್ತು.

ಈಗ ಗೊಂಪಾದ ಗೋಡೆಗೆ ಹೊಸ ಚಿತ್ರ ಬರೆಸಿದ್ದಾರೆ.
ಹೊಗೆ ತಾಗಬಾರದೆಂದು ದೀಪಕ್ಕೆ ಹೊರಗೊಂದು ಗಾಜಿನ ಗೂಡು,
ಅದರಲ್ಲೂ ಮುಕ್ಕಾಲು ಪಾಲು ಕರೆಂಟಿನವು,
ಗಾಳಿಯಿಲ್ಲದೆಯೂ ನಡುಗುವಂತೆ ಮಾಡಿಟ್ಟ ಪುಟ್ಟ ಬಲ್ಬು.
ದುಡ್ಡು ಟೊರೊಂಟೊದಿಂದ ಮೊಬೈಲಿಗೆ ಬರುತ್ತದೆ.
ಓದುವ ಹುಡುಗರು ಸ್ಪಿತಿಯವರು, ತವಾಂಗಿನವರು,
ಸತ್ತವರ ಮುಖ ಕಂಡವರಲ್ಲ. ಆದರೂ ಚೆನ್ನಾಗಿ ಓದುತ್ತಾರೆ.
ತಿಂಗಳಿಗೆ ಆರು ಹೋಗುತ್ತಿದ್ದ ಡಬ್ಬಿ, ಈಗ ಒಂದು.

ಯೂಡೊನಜ್ಜಿಯ ಕೊನೆಯ ದಿನದ ಪೂಜೆಗೆ ನಾನೂ ಹೋಗಿದ್ದೆ.
ಅವಳ ಹೆಸರು ಬರೆದ ಕಾಗದವನ್ನು ದೀಪಕ್ಕೆ ಹಿಡಿದರು.
ಮೂಲೆ ಕಪ್ಪಾಯಿತು, ಮುದುಡಿತು,
ಲಾಮಾನ ಬೆರಳು ಸುಟ್ಟು ಆತ "ಆಯ್" ಅಂದ.
ಹಿಂದೆ ಕೂತ ಹುಡುಗ ನಕ್ಕ. ನನಗೂ ನಗು ಬಂತು.
ಅಜ್ಜಿಯ ಬೂದಿಯನ್ನು ಮಣ್ಣಿಗೆ ಕಲಸಿ
ಅಚ್ಚಿನಲ್ಲಿ ಒತ್ತಿದ್ದರು, ಹೆಬ್ಬೆರಳುದ್ದದ ಗೋಪುರಗಳು;
ಕಿಟಕಿಯಲ್ಲಿ ಒಣಗುತ್ತಿದ್ದವು, ಸಂಡಿಗೆಯ ಹಾಗೆ.

ಚಹಾ ಕುಡಿಯುವಾಗ ಜಾಂಪೆಲ್ ಹಳೆಯ ಪುಸ್ತಕ ತಂದ.
ವರ್ಷಕ್ಕೊಮ್ಮೆ ಓದುವ ಹೆಸರಿನ ಪಟ್ಟಿ,
ಕಂಪ್ಯೂಟರಿಗೆ ಹಾಕುತ್ತಿದ್ದಾನೆ.
"ಇದೊಂದು ಗೊತ್ತಾಗ್ತಿಲ್ಲ. ಅಜ್ಜಿ ಬರೆಸಿದ್ದು.
ಪುವಾಯಾ. ನಮ್ಮಲ್ಲಿ ಇಂಥ ಹೆಸರಿಲ್ಲ.
ತೆಗೆದುಬಿಡಲಾ?"

ಚಹಾದ ಉಪ್ಪು ನಾಲಿಗೆಗೆ ಆಗ ಹತ್ತಿತು.

ಪೂವಯ್ಯ. ನಮ್ಮಪ್ಪ.
ಕೋಳಿ ತಿಂದು ರಮ್ಮು ಕುಡಿದು
ಗೋಡೆಯ ಫೋಟೊದಲ್ಲಿ ನೆಮ್ಮದಿಯಾಗಿದ್ದಾನೆ ಅಂದುಕೊಂಡಿದ್ದವನು
ಹನ್ನೆರಡು ವರ್ಷ ಇಲ್ಲಿ ಬಂದು ಸಾಲಿನಲ್ಲಿ ಕೂತಿದ್ದಾನೆ,
ತಾನೇ ತೂಗಿಕೊಟ್ಟ ಡಾಲ್ಡಾದ ಬೆಳಕಿಗೆ.
ಅಜ್ಜಿ ಒಂದು ಮಾತೂ ಹೇಳಿರಲಿಲ್ಲ.
ದೀಪದ ದುಡ್ಡಿಗೂ ಚೌಕಾಶಿ ಮಾಡಿದ್ದಳು.

"ಸರಿಯಾಗಿ ಹೇಗೆ ಹೇಳೋದು?"
ಜಾಂಪೆಲ್ ಬೆರಳೆತ್ತಿ ಕಾಯುತ್ತಿದ್ದ.
ಹೇಳಲು ಬಾಯಿ ತೆರೆದೆ.
ಬೇಡ, ಅಂದೆ, ಹಾಗೇ ಇರಲಿ.
ಇಷ್ಟು ವರ್ಷ ಆ ಹೆಸರಿಗೇ ಬಂದಿದ್ದಾನೆ,
ಈಗ ತಿದ್ದಿದರೆ ದಾರಿ ತಪ್ಪೀತು.

ಮರುದಿನ ಡಬ್ಬಿ ಕಳಿಸುವ ಮುಂಚೆ
ಮುಚ್ಚಳ ತೆಗೆದು ಮೂಸಿದೆ.
ಹಳೆಯದು. ಬೇರೆ ತೆಗೆಸಿದೆ.