ಹಿಡಿದರೆ ಕಿರುಚುವುದು

ಬೆನ್ನ ಚಿಪ್ಪಿನ ಮೇಲೆ ಹತ್ತು ಸಾಲು ಚುಕ್ಕಿ ಇದ್ದರೆ ನಾಲ್ಕಕ್ಕೆ ಹೋಗು,
ಇಲ್ಲದಿದ್ದರೆ ಒಂಬತ್ತಕ್ಕೆ.
ನಾಲ್ಕು: ಹಿಂಗಾಲಿಗೆ ಈಜುಗೂದಲು ಉಂಟೆ? ಆರಕ್ಕೆ.
ಆರು: ಚಿಪ್ಪಿನ ತುದಿಯ ಮುಳ್ಳು ಒಂದೋ, ಎರಡೋ?
ಇಪ್ಪತ್ತೆರಡು ವರ್ಷ ಹೀಗೇ ಕವಲುದಾರಿಗಳಲ್ಲಿ ನಡೆದಿದ್ದೇನೆ
ಅಂಟಾನಾನಾರಿವೊದ ಈ ಕೋಣೆಯಲ್ಲಿ,
ಕುರ್ಚಿ ಬಿಟ್ಟೇಳದೆ.

ಮೊನ್ನೆಯ ನಲವತ್ತೊಂದು ನೀರುಜೀರುಂಡೆಗಳೂ
ತಕರಾರಿಲ್ಲದೆ ಹನ್ನೊಂದಕ್ಕೆ ಬಂದು ನಿಂತವು.
ಹನ್ನೊಂದು ಹಳೆಯ ಮನೆ. ಬಾಗಿಲ ಮೇಲೆ
ಎಂದೋ ಬಂದು ಹೋದ ಫ್ರೆಂಚ್ ಸರ್ವೇಯರನ ಹೆಸರು.
ಚೀಟಿ ಬರೆದೆ. ಮುಚ್ಚಳ ಹಾಕಿದೆ.
ಆಮೇಲೆ ಕಿವಿ ನೆನಪಿಸಿತು.

ಆಂಡ್ರಿಂಗಿತ್ರಾ ಬೆಟ್ಟದಡಿ, ಬಂಡೆಯ ಬಟ್ಟಲಲ್ಲಿ ನೀರು.
ಮುದುಕ ರಫಾರಲಾಹಿ ಕೋಲು ಅಡ್ಡ ಹಿಡಿದು
ದನಗಳನ್ನು ತಡೆಯುತ್ತಿದ್ದ: 'ಇಲ್ಲಿ ತ್ಸಿಂಗಾಲ ಇದೆ.
ನುಂಗಿದ ಹಸು ನಾಳೆಯ ಹೊತ್ತು ಕಾಣುವುದಿಲ್ಲ.'
ನಾನು ಬಲೆ ಹಾಕಿದೆ. ನಕ್ಕೆನೇನೋ, ಸ್ವಲ್ಪ.
ಮೊಮ್ಮಗ ಲಾಂಟೋ, ಮುಂದಿನ ಹಲ್ಲೆರಡು ಬಿದ್ದು ಇನ್ನೂ ಬಂದಿಲ್ಲ,
ಒಂದನ್ನು ಹೆಬ್ಬೆಟ್ಟು ತೋರುಬೆರಳ ನಡುವೆ ಹಿಡಿದು
ನನ್ನ ಕಿವಿಗೆ ತಂದ.
ಎಳ್ಳುಕಾಳಿಗೊಂದು ಬಾಗಿಲಿದ್ದು
ಅದಕ್ಕೇ ಎಣ್ಣೆ ಸಾಲದೆ ಕಿರುಗುಟ್ಟಿದ ಹಾಗೆ.
'ಅಳುವುದು ತ್ಸಿಂಗಾಲ ಅಲ್ಲ,' ಅಂದ.
'ಸುಮ್ಮನಿರುತ್ತದಲ್ಲ, ಅದು ತ್ಸಿಂಗಾಲ.'
ಅಳುವುದನ್ನು ನೀರಿಗೆ ಬಿಡುತ್ತಾನಂತೆ, ಅಳದ್ದನ್ನು ಕಲ್ಲಿಗೆ.

ನಾನು ಎರಡನ್ನೂ ಒಂದೇ ಸೀಸೆಗೆ ಹಾಕಿದ್ದೆ.
ಮದ್ಯಸಾರದಲ್ಲಿ ಎಲ್ಲವೂ ತ್ಸಿಂಗಾಲ.

ಮತ್ತೆ ಹರವಿದೆ. ಗಂಡುಗಳ ಹೊಟ್ಟೆಯ ತುದಿ
ಸೂಜಿಯಲ್ಲಿ ಬಿಡಿಸಿದೆ. ರೆಪ್ಪೆಗೂದಲಿನ ಚೂರಿನಷ್ಟು,
ಜೇನಿನ ಬಣ್ಣದ ಅಂಗ:
ಒಂಬತ್ತರಲ್ಲಿ ದಬ್ಬಳದಂತೆ ನೇರ,
ಹದಿನಾಲ್ಕರಲ್ಲಿ ಕುಡುಗೋಲು.
ಉಳಿದ ಹದಿನೆಂಟು ಹೆಣ್ಣು. ಅವು ಏನನ್ನೂ ಬಿಟ್ಟುಕೊಡಲಿಲ್ಲ.
ಎದೆ ಹೊಡೆದುಕೊಂಡಿತು, ಸುಳ್ಳೇಕೆ. ಎದ್ದು ಕಿಟಕಿ ತೆರೆದೆ,
ಮುಚ್ಚಿದೆ. ಎರಡು ಪ್ರಭೇದ.
ಆದರೆ ದನಿ ಯಾರದು?

ಲಾಂಟೋನ ಚಿಕ್ಕಪ್ಪನಿಗೆ ಫೋನಿದೆ. ಸಿಗುವುದು
ಬುಧವಾರ ಮಾತ್ರ, ಅಂಬಾಲಾವಾವೊದ ದನದ ಸಂತೆಯಲ್ಲಿ.
'ಅಳುವವನ್ನು ಹಿಡಿದು ಸಾರಾಯಿ ಸೀಸೆಗೆ ಹಾಕಿ ಕಳಿಸು, ಮಗೂ.'
ಗಾಳಿ. ಯಾರದೋ ಕೆಮ್ಮು. ಬೆಲೆ ಕೂಗುವ ಸದ್ದು.
'ಅಳ್ತಾ ಇರೋದನ್ನ ಹೇಗೆ ಹಾಕಲಿ?'

ಮೂರು ವಾರಕ್ಕೆ ವ್ಯಾನಿನ ಚಾಲಕ ಪೊಟ್ಟಣ ತಂದುಕೊಟ್ಟ.
ಕೆಮ್ಮಿನ ಔಷಧದ ಸೀಸೆ, ನಾಟಿ ರಮ್ಮಿನ ವಾಸನೆ, ಏಳು ಹುಳ.
ಹುಡುಗನಲ್ಲ, ಅಜ್ಜ ಹಿಡಿದದ್ದು,
ಒಂದೊಂದನ್ನೂ ಕಿವಿಗೊತ್ತಿ ಕೇಳಿ.
'ಕಿವಿ ಮಂದ, ಅದಕ್ಕೇ ತಡವಾಯಿತು' ಅಂದನಂತೆ.
ಗಂಡು ನಾಲ್ಕು. ನಾಲ್ಕೂ ಕುಡುಗೋಲು.

ಪ್ಯಾರಿಸ್ಸಿನಲ್ಲಿ ಗುಂಡುಸೂಜಿಯ ಮೇಲೆ, ಒಂದು ಕಾಲಿಲ್ಲದೆ ಕೂತಿರುವ
ಮೊದಲ ಮಾದರಿಯ ಚಿತ್ರ ತರಿಸಿ ನೋಡಿದೆ. ನೇರ.
ಹಾಗಾಗಿ ತ್ಸಿಂಗಾಲಕ್ಕೆ ಆ ಸರ್ವೇಯರನೇ ಗತಿ.
ಪ್ರಬಂಧದಲ್ಲಿ ಹನ್ನೊಂದನ್ನು ಸೀಳಿ ಹೊಸ ಕವಲು ಬರೆದೆ:
ಹಿಡಿದರೆ ಕಿರುಚುವುದು, ಹನ್ನೆರಡಕ್ಕೆ.
ಸಂಪಾದಕರು ಹೊಡೆದುಹಾಕಿದರು: ಸತ್ತ ಮಾದರಿಯಲ್ಲಿ
ಪರೀಕ್ಷಿಸಲಾಗದ ಲಕ್ಷಣ.
ಸರಿಯೇ. ಕುಡುಗೋಲು ಉಳಿಯಿತು.
ಹೆಸರಿಗೆ ಮಾತ್ರ ನಮ್ಮ ಮಾತನ್ನೇ ಇಟ್ಟೆ, ಮಿಕಿಯಾಕ, ಚೀರುವುದು,
ಲ್ಯಾಟಿನ್ ಬಾಲ ಅಂಟಿಸದೆ.

ಏಳರಲ್ಲಿ ಒಂದಕ್ಕೆ ಕೆಂಪು ಚೀಟಿ. ಇನ್ನು ಮುಂದೆ
ಆ ಹೆಸರೆಂದರೆ ಇದೊಂದೇ ದೇಹ.
ಹಿಡಿದವರು: ರಫಾರಲಾಹಿ.

ಬುಧವಾರ ಫೋನು ಮಾಡುತ್ತೇನೆ. ಅಜ್ಜ ಸಿಗುತ್ತಾನೆ,
ಮಳೆ ಹೇಳುತ್ತಾನೆ, ದನದ ರೇಟು ಹೇಳುತ್ತಾನೆ.
ಲಾಂಟೋಗೆ ಕೊಡಿ ಅನ್ನುತ್ತೇನೆ.
ಅವನ ಕಿವಿಗೇ ಹಿಡಿದಿದ್ದೀನಿ, ಮಾತಾಡು, ಅನ್ನುತ್ತಾನೆ.
ಗಾಳಿ. ದನ.
ಅವನು ಸುಮ್ಮನಿದ್ದಾನೆ.