ಮೂರನೆಯ ಬತ್ತಿ

ಹೋದ ವರ್ಷದ ಮಿಣಮಿಣ ಹಾರ ಇಲಿ ಕಡಿದಿತ್ತು.
ಎಸ್ತೇರಮ್ಮ ಶಿಡ್ಲಘಟ್ಟದ ಮಾರ್ಕೆಟ್ಟಿನಿಂದ
ಬೇಡವೆಂದು ಬಿಟ್ಟ ಗೂಡು ತಂದಳು, ಅರ್ಧ ಚೀಲ:
ಕಲೆಯವು, ಜೋಡಿಯವು, ತೆಳ್ಳಗಿನವು.

ಅವರೆ ಸುಲಿದ ಸೊಗಡು ಬೆರಳಲ್ಲೇ
ಅಂಚಿಗಷ್ಟೇ ಸೂಜಿ ಕೊಟ್ಟು ಪೋಣಿಸಿದೆವು.
ವಾಸನೆ, ಎಂದರು ಅಯ್ಯನವರು.
ಕೊಟ್ಟಿಗೆಯಲ್ಲಿ ಮಲ್ಲಿಗೆ ಇತ್ತೇ, ಎಂದಳು ಇವಳು.

ಆಗಮನದ ಮೂರನೆಯ ಭಾನುವಾರ.
ಬತ್ತಿ ಹಚ್ಚಿದ್ದೇ ತಡ, ಕರೆಂಟು ಹೋಯಿತು.
ಯೆಶಾಯನನ್ನು ಓದುತ್ತಿದ್ದ ಯೋನಾತಾನ
ಅರ್ಧ ವಚನಕ್ಕೆ ನಿಂತ.
ಹಾರದಲ್ಲೊಂದು ಗೂಡು ಒದ್ದೆ.
ತೂತಿನಿಂದ ಒಂದು ಕಾಲು, ಇನ್ನೊಂದು,
ಸುಕ್ಕು ರೆಕ್ಕೆ.

ಪೀಠದ ನೇರಳೆ ಬಟ್ಟೆಗೆ ಬಿತ್ತು,
ಕಂದು ಹನಿ ಬಿಟ್ಟು ಅಲ್ಲೇ ನಡುಗುತ್ತ ಕೂತಿತು.
ರೇಷ್ಮೆ ಚಿಟ್ಟೆ ಹಾರುವುದಿಲ್ಲ,
ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು.
ಆದರೂ ಕಿಟಕಿ ತೆರೆದರು ಯಾರೋ.

ಈ ತಿಂಗಳು ಬಟ್ಟೆ ಒಗೆಯುವ ಸರದಿ ನನ್ನದು.
ಸೋಪು ತಂದು ಮೂರು ದಿನವಾಯಿತು.